ಜಾನ್ ಕೆಮೆನಿ: ಕಂಪ್ಯೂಟರನ್ನು ಎಲ್ಲರ ಕೈಗಿತ್ತ ಗಣಿತಜ್ಞ

ಮಂಗಳೂರು: ಚಪ್ಪಲಿಯನ್ನು ಬಾಗಿಲ ಹೊರಗೆ ಕಳಚಿಟ್ಟು, ತಣ್ಣನೆಯ ಕೋಣೆಯೊಳಗೆ ಸಾಲಾಗಿ ಹೋಗಿ, ಒಂದು ಕಂಪ್ಯೂಟರಿನ ಮುಂದೆ ಇಬ್ಬರು ಮೂವರು ಒತ್ತಿಕೊಂಡು ಕುಳಿತ ನೆನಪು 1980 ಮತ್ತು 1990ರ ದಶಕಗಳಲ್ಲಿ ಈ ನಗರದಲ್ಲಿ ಓದಿದ ಅನೇಕರಿಗೆ ಇದೆ. ಕಪ್ಪು ಪರದೆಯ ಮೇಲೆ 'ಓಕೆ' ಎಂಬ ಎರಡಕ್ಷರ, ಅದರ ಕೆಳಗೆ ಮಿನುಗುವ ಪುಟ್ಟ ಗೆರೆ. ಬಣ್ಣದ ಚಿತ್ರಗಳಿರಲಿಲ್ಲ, ಮೌಸ್ ಇರಲಿಲ್ಲ. ಆದರೆ ನಾಲ್ಕು ಸಾಲು ಟೈಪ್ ಮಾಡಿ 'ರನ್' ಎಂದು ಬರೆದು ಎಂಟರ್ ಕೀಲಿ ಒತ್ತಿದರೆ ಹದಿನೇಳರ ಮಗ್ಗಿ ಸರಸರನೆ ಮೂಡಿಬರುತ್ತಿತ್ತು. ಯಂತ್ರ ತನ್ನ ಮಾತು ಕೇಳಿತು ಎಂಬ ಬೆರಗು ಆ ಮಗುವಿಗೆ ದೊರೆಯುತ್ತಿದ್ದುದು ಆ ಕ್ಷಣದಲ್ಲಿ.

ಆ ಕಪ್ಪು ಪರದೆಯ ಹಿಂದೆ ಇದ್ದುದು ಬೇಸಿಕ್ ಎಂಬ ಪ್ರೋಗ್ರಾಂ ಭಾಷೆ. ಅದನ್ನು ರೂಪಿಸಿದ ಇಬ್ಬರಲ್ಲಿ ಒಬ್ಬರು ಜಾನ್ ಜಾರ್ಜ್ ಕೆಮೆನಿ. ಹಂಗೇರಿಯಲ್ಲಿ ಹುಟ್ಟಿ, ನಿರಾಶ್ರಿತ ಬಾಲಕನಾಗಿ ಅಮೆರಿಕ ಸೇರಿ, ಐನ್‌ಸ್ಟೈನ್‌ರ ಸಹಾಯಕರಾಗಿ, ಕಾಲೇಜೊಂದರ ಅಧ್ಯಕ್ಷರಾಗಿ, ಅಣುಸ್ಥಾವರ ದುರಂತದ ತನಿಖಾ ಆಯೋಗದ ಮುಖ್ಯಸ್ಥರಾಗಿ ಬಾಳಿದ ಕೆಮೆನಿ 1992ರಲ್ಲಿ ತೀರಿಕೊಂಡರು. ಅವರ ಬದುಕಿನ ಉದ್ದಕ್ಕೂ ಹರಿದುಬಂದ ನಂಬಿಕೆ ಒಂದೇ: ಯಂತ್ರ ಎಷ್ಟೇ ದೊಡ್ಡದಿರಲಿ, ಅದನ್ನು ಬಳಸುವ ಸಾಮಾನ್ಯ ಮನುಷ್ಯನಿಗೆ ಅದು ಅರ್ಥವಾಗಬೇಕು.

ಬುಡಾಪೆಸ್ಟ್‌ನಿಂದ ನ್ಯೂಯಾರ್ಕ್‌ಗೆ

ಕೆಮೆನಿ ಹುಟ್ಟಿದ್ದು 1926ರ ಮೇ 31ರಂದು, ಹಂಗೇರಿಯ ರಾಜಧಾನಿ ಬುಡಾಪೆಸ್ಟ್‌ನ ಯಹೂದಿ ಕುಟುಂಬವೊಂದರಲ್ಲಿ. ತಂದೆ ಆಮದು ರಫ್ತು ವ್ಯಾಪಾರಿ. ಜರ್ಮನಿಯಲ್ಲಿ ಹಿಟ್ಲರ್ ಬಲಗೊಳ್ಳುತ್ತಿದ್ದಂತೆ ಬರಲಿರುವ ವಿಪತ್ತನ್ನು ಮುಂಗಂಡ ತಂದೆ ಮೊದಲು ತಾನೊಬ್ಬನೇ ಅಮೆರಿಕಕ್ಕೆ ತೆರಳಿ ನೆಲೆ ಹುಡುಕಿದರು. ಹೆಂಡತಿ ಮಕ್ಕಳು 1940ರಲ್ಲಿ ಅವರನ್ನು ಕೂಡಿಕೊಂಡರು. ಹುಟ್ಟೂರು ಬಿಟ್ಟು ಬರಲು ಒಪ್ಪದ ಅಜ್ಜ ಮತ್ತು ಕೆಲವು ಬಂಧುಗಳು ನಾಜಿಗಳ ನರಮೇಧಕ್ಕೆ ಬಲಿಯಾದರು.

ನ್ಯೂಯಾರ್ಕ್ ತಲುಪಿದಾಗ ಬಾಲಕನಿಗೆ ಹದಿಮೂರು ವರ್ಷ. ಇಂಗ್ಲಿಷ್ ಬಹುತೇಕ ಬಾರದು. ಅರ್ಥವಾಗದ ಭಾಷೆಯ ತರಗತಿಯಲ್ಲಿ ಕುಳಿತು ಕಲಿಯುವ ಕಷ್ಟವೇನೆಂಬುದನ್ನು ಆತ ಸ್ವತಃ ಉಂಡ. ಆದರೂ ಮೂರೇ ವರ್ಷಗಳಲ್ಲಿ ಜಾರ್ಜ್ ವಾಷಿಂಗ್ಟನ್ ಹೈಸ್ಕೂಲಿನಿಂದ ತರಗತಿಗೇ ಮೊದಲಿಗನಾಗಿ ತೇರ್ಗಡೆಯಾಗಿ, 1943ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಕ್ಕೆ ಸೇರಿದ. ಆಯ್ದುಕೊಂಡ ವಿಷಯಗಳು ಗಣಿತ ಮತ್ತು ತತ್ತ್ವಶಾಸ್ತ್ರ.

ಓದು ಮುಗಿಯುವ ಮುನ್ನವೇ ಸೇನೆಯ ಕರೆ ಬಂತು. 1945ರಲ್ಲಿ ಅವರನ್ನು ಕಳಿಸಿದ್ದು ನ್ಯೂಮೆಕ್ಸಿಕೋದ ಲಾಸ್ ಅಲಾಮೋಸ್‌ಗೆ, ಅಣುಬಾಂಬ್ ತಯಾರಾಗುತ್ತಿದ್ದ ಗುಪ್ತ ಪ್ರಯೋಗಾಲಯಕ್ಕೆ. ಅಲ್ಲಿನ ಲೆಕ್ಕಾಚಾರ ವಿಭಾಗದಲ್ಲಿ ರಿಚರ್ಡ್ ಫೈನ್‌ಮನ್‌ರ ಕೈಕೆಳಗೆ ಅವರು ದುಡಿದರು. ಐಬಿಎಂ ಕಂಪನಿಯ ರಂಧ್ರಪತ್ರ ಯಂತ್ರಗಳನ್ನು, ಅಂದರೆ ಕಚೇರಿಗಳಲ್ಲಿ ಲೆಕ್ಕಪತ್ರಕ್ಕೆ ಬಳಸುತ್ತಿದ್ದ ಯಂತ್ರಗಳನ್ನೇ ಹಗಲಿರುಳು ಓಡಿಸಿ ಅಲ್ಲಿ ಸಮೀಕರಣಗಳನ್ನು ಬಿಡಿಸಲಾಗುತ್ತಿತ್ತು. ಒಂದೊಂದು ಲೆಕ್ಕಕ್ಕೆ ವಾರಗಟ್ಟಲೆ ದುಡಿಮೆ. ಅದೇ ಪ್ರಯೋಗಾಲಯದಲ್ಲಿ ಬುಡಾಪೆಸ್ಟ್‌ನವರೇ ಆದ ಗಣಿತಜ್ಞ ಜಾನ್ ಫಾನ್ ನಾಯ್ಮನ್, ಮುಂದೆ ಬರಲಿರುವ ಎಲೆಕ್ಟ್ರಾನಿಕ್ ಗಣಕಗಳ ಬಗ್ಗೆ ನೀಡಿದ ಉಪನ್ಯಾಸವೊಂದನ್ನು ಕೆಮೆನಿ ಕೇಳಿದರು. ಅಂಥ ಯಂತ್ರವೊಂದು ತಮ್ಮ ಕೈಗೂ ಸಿಗಬೇಕೆಂಬ ಆಸೆ ಅಲ್ಲಿ ಮೊಳೆಯಿತು.

ಯುದ್ಧ ಮುಗಿದ ಮೇಲೆ ಪ್ರಿನ್ಸ್‌ಟನ್‌ಗೆ ಮರಳಿದ ಕೆಮೆನಿ 1947ರಲ್ಲಿ ಪದವಿ ಪಡೆದರು. 1949ರಲ್ಲಿ ತರ್ಕಶಾಸ್ತ್ರಜ್ಞ ಅಲಾಂಜೊ ಚರ್ಚ್ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಕೂಡ ಕೈಸೇರಿತು. ಆಗ ಅವರ ವಯಸ್ಸು ಕೇವಲ 23. ಸಂಶೋಧನೆ ನಡೆಸುತ್ತಿದ್ದಾಗಲೇ, 1948-49ರ ಅವಧಿಯಲ್ಲಿ ಆಲ್ಬರ್ಟ್ ಐನ್‌ಸ್ಟೈನ್‌ರ ಗಣಿತ ಸಹಾಯಕರಾಗಿಯೂ ಅವರು ಕೆಲಸ ಮಾಡಿದರು. ಏಕೀಕೃತ ಕ್ಷೇತ್ರ ಸಿದ್ಧಾಂತದ ಬೆನ್ನು ಹತ್ತಿದ್ದ ಐನ್‌ಸ್ಟೈನ್‌ರಿಗೆ ಗಣಿತದ ಬಿಡಿಸಾಟದಲ್ಲಿ ನೆರವಾಗುವುದು ಅವರ ಹೊಣೆಯಾಗಿತ್ತು.

ಡಾರ್ಟ್‌ಮತ್‌ನ ಹೊಸ ಮೇಷ್ಟ್ರು

1953ರಲ್ಲಿ, 27ರ ಹರೆಯದಲ್ಲಿ, ಕೆಮೆನಿ ನ್ಯೂಹ್ಯಾಂಪ್‌ಶೈರ್ ರಾಜ್ಯದ ಹ್ಯಾನೋವರ್ ಎಂಬ ಪುಟ್ಟ ಊರಿನ ಡಾರ್ಟ್‌ಮತ್ ಕಾಲೇಜಿಗೆ ಗಣಿತ ಪ್ರಾಧ್ಯಾಪಕರಾಗಿ ಬಂದರು. ಎರಡು ವರ್ಷಗಳಲ್ಲಿ ವಿಭಾಗದ ಮುಖ್ಯಸ್ಥರಾದರು. ದೊಡ್ಡ ಹೆಸರಿನ ವಿಶ್ವವಿದ್ಯಾಲಯಗಳನ್ನು ಬಿಟ್ಟು ಸಣ್ಣ ಊರಿನ ಕಾಲೇಜಿನಲ್ಲಿ ನೆಲೆಸಲು ಕಾರಣ ಪಾಠ ಹೇಳುವ ಹಂಬಲ. ಸಮಾಜವಿಜ್ಞಾನ, ವಾಣಿಜ್ಯ ಓದುವವರಿಗೂ ಆಧುನಿಕ ಗಣಿತ ದಕ್ಕಬೇಕೆಂದು ಸಹೋದ್ಯೋಗಿಗಳಾದ ಸ್ನೆಲ್ ಮತ್ತು ಥಾಂಪ್ಸನ್ ಅವರೊಂದಿಗೆ 1957ರಲ್ಲಿ ಅವರು ಬರೆದ ಪಠ್ಯಪುಸ್ತಕ ಬಹುಕಾಲ ಕಾಲೇಜುಗಳಲ್ಲಿ ಚಲಾವಣೆಯಲ್ಲಿತ್ತು.

1956ರಲ್ಲಿ ಅವರ ವಿಭಾಗಕ್ಕೆ ಬಂದ ಯುವ ಅಧ್ಯಾಪಕ ಥಾಮಸ್ ಕರ್ಟ್ಜ್ ಮುಂದಿನ ಸಾಧನೆಯ ಸಮಪಾಲುದಾರರಾದರು. ಆಗ ಡಾರ್ಟ್‌ಮತ್‌ನಲ್ಲಿ ಕಂಪ್ಯೂಟರೇ ಇರಲಿಲ್ಲ. ಲೆಕ್ಕವಿದ್ದರೆ ರಂಧ್ರಪತ್ರಗಳ ಕಟ್ಟನ್ನು ಹೊತ್ತುಕೊಂಡು ಕರ್ಟ್ಜ್ ರೈಲಿನಲ್ಲಿ ಬೋಸ್ಟನ್ ಕಡೆಗೆ ಪಯಣಿಸಿ, ಎಂಐಟಿಯ ಗಣಕಕ್ಕೆ ಒಪ್ಪಿಸಬೇಕಿತ್ತು. ಪತ್ರದಲ್ಲಿ ಒಂದು ಚಿಹ್ನೆ ತಪ್ಪಿದ್ದರೂ ಬರಿಗೈಯಲ್ಲಿ ಮರಳಿ, ತಿದ್ದಿ, ಮುಂದಿನ ಸರದಿಗೆ ಕಾಯಬೇಕಿತ್ತು.

ಅಂದಿನ ಕಂಪ್ಯೂಟರ್ ಕೇಂದ್ರಗಳ ಪದ್ಧತಿ ಎಲ್ಲೆಡೆ ಹೀಗೆಯೇ ಇತ್ತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಅರ್ಜಿ ಕೊಟ್ಟು ನಾಳೆ ಬಾ ಎನ್ನಿಸಿಕೊಂಡಂತೆ, ಬಳಕೆದಾರ ರಂಧ್ರಪತ್ರಗಳನ್ನು ಕಿಟಕಿಯೊಳಗೆ ಕೊಟ್ಟು ಹೊರಗೆ ಕಾಯುತ್ತಿದ್ದ. ಯಂತ್ರವನ್ನು ಮುಟ್ಟುವ ಅಧಿಕಾರ ನಿರ್ವಾಹಕರಿಗಷ್ಟೇ. ಫೋರ್ಟ್ರಾನ್ ಮುಂತಾದ ಭಾಷೆಗಳಿದ್ದರೂ ಅವು ವಿಜ್ಞಾನಿಗಳು, ಎಂಜಿನಿಯರರಿಗೆಂದು ರಚಿತವಾದವು.

ಡಾರ್ಟ್‌ಮತ್ ವಿದ್ಯಾರ್ಥಿಗಳಲ್ಲಿ ಬಹುಪಾಲು ಮಂದಿ ವಿಜ್ಞಾನ ಓದುವವರಲ್ಲ. ಮುಂದೆ ವ್ಯಾಪಾರ, ಕಾನೂನು, ಆಡಳಿತಗಳಲ್ಲಿ ನಿರ್ಧಾರ ಕೈಗೊಳ್ಳುವವರು ಇವರೇ. ಕಂಪ್ಯೂಟರ್ ಎಂದರೇನೆಂದು ಇವರಿಗೆ ತಿಳಿಯದಿದ್ದರೆ ಹೇಗೆ ಎಂಬ ಚಿಂತೆ ಕೆಮೆನಿ ಮತ್ತು ಕರ್ಟ್ಜ್ ಇಬ್ಬರನ್ನೂ ಕಾಡಿತು. ಗ್ರಂಥಾಲಯದ ಕಪಾಟುಗಳ ನಡುವೆ ಯಾರು ಬೇಕಾದರೂ ಓಡಾಡಿ ಪುಸ್ತಕ ತೆಗೆದುಕೊಳ್ಳುವಂತೆ, ಯಾವ ವಿದ್ಯಾರ್ಥಿಯೂ ಯಾರ ಅಪ್ಪಣೆಯನ್ನೂ ಕೇಳದೆ, ಶುಲ್ಕ ತೆರದೆ ಗಣಕ ಬಳಸುವಂತಾಗಬೇಕು ಎಂಬ ನಿಲುವಿಗೆ ಅವರು ಬಂದರು. ಒಂದೊಂದು ಯಂತ್ರಕ್ಕೆ ಲಕ್ಷಗಟ್ಟಲೆ ಡಾಲರ್ ಬೆಲೆಯಿದ್ದ ಆ ದಿನಗಳಲ್ಲಿ ಇದು ಹಲವರಿಗೆ ಹುಚ್ಚು ಯೋಚನೆಯಾಗಿ ಕಂಡಿದ್ದರೆ ಅಚ್ಚರಿಯಿಲ್ಲ.

ಮೇ ಒಂದರ ನಸುಕು

ಒಂದೇ ಯಂತ್ರ, ನೂರಾರು ವಿದ್ಯಾರ್ಥಿಗಳು. ಇದಕ್ಕೆ ದೊರೆತ ಉತ್ತರ ಕಾಲಹಂಚಿಕೆ. ಮದುವೆ ಮನೆಯ ಪಂಕ್ತಿಯಲ್ಲಿ ಬಡಿಸುವವನೊಬ್ಬ ಎಲೆಯಿಂದ ಎಲೆಗೆ ಚುರುಕಾಗಿ ಸಾಗುತ್ತಿದ್ದರೆ ಉಣ್ಣುವ ಪ್ರತಿಯೊಬ್ಬರಿಗೂ ತನಗೇ ಬಡಿಸುತ್ತಿದ್ದಾನೆ ಅನ್ನಿಸುತ್ತದೆಯಲ್ಲವೇ? ಹಾಗೆಯೇ ಗಣಕ ಒಬ್ಬೊಬ್ಬರ ಕೆಲಸಕ್ಕೂ ಸೆಕೆಂಡಿನ ಚೂರನ್ನು ಕೊಟ್ಟು ಮುಂದೆ ಸರಿಯುತ್ತದೆ. ಸುತ್ತು ಎಷ್ಟು ವೇಗವಾಗಿ ಮುಗಿಯುತ್ತದೆಂದರೆ ಇಡೀ ಯಂತ್ರ ತನ್ನೊಬ್ಬನದೇ ಎಂಬ ಭಾವನೆ ಪ್ರತಿಯೊಬ್ಬರಿಗೂ ಉಂಟಾಗುತ್ತದೆ. ಹಿಂದೆ ಡಾರ್ಟ್‌ಮತ್‌ನಲ್ಲೇ ಇದ್ದ ಜಾನ್ ಮೆಕಾರ್ತಿ ಈ ದಾರಿಯನ್ನು ಸೂಚಿಸಿದ್ದರು.

ಎರಡನೆಯ ಅಗತ್ಯ ಸರಳ ಭಾಷೆ. ಕೆಮೆನಿ ಮತ್ತು ಕರ್ಟ್ಜ್ ಮೊದಲು ಫೋರ್ಟ್ರಾನ್ ಮುಂತಾದವನ್ನೇ ಸರಳಗೊಳಿಸಲು ಯೋಚಿಸಿದರು. 1962ರಲ್ಲಿ ಡೋಪ್ ಎಂಬ ಪುಟ್ಟ ಭಾಷೆಯ ಪ್ರಯೋಗವೂ ನಡೆಯಿತು. ಕೊನೆಗೆ ಹೊಸದನ್ನೇ ಕಟ್ಟುವುದೆಂದು ತೀರ್ಮಾನವಾಯಿತು. ಆರಂಭಿಕರಿಗಾಗಿ, ಎಲ್ಲ ಕೆಲಸಕ್ಕೂ ಒದಗುವ ಸಾಂಕೇತಿಕ ಸೂಚನೆಗಳ ಭಾಷೆ ಎಂಬ ಅರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳು ಸೇರಿ ಅದಕ್ಕೆ ಬೇಸಿಕ್ ಎಂಬ ಹೆಸರಾಯಿತು.

ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಅನುದಾನ ದೊರೆಯಿತು. ಜನರಲ್ ಎಲೆಕ್ಟ್ರಿಕ್ ಕಂಪನಿಯ ಗಣಕಗಳು ಬಂದವು. ಕಾಲಹಂಚಿಕೆಯ ವ್ಯವಸ್ಥೆಯನ್ನು ಬರೆದವರು ಹೆಚ್ಚಾಗಿ ಪದವಿ ತರಗತಿಯ ಹುಡುಗರು ಎಂಬುದು ಗಮನಾರ್ಹ. ಅನುಭವಿ ತಂತ್ರಜ್ಞರ ಬದಲು ವಿದ್ಯಾರ್ಥಿಗಳ ಕೈಗೆ ಇಂಥ ಹೊಣೆ ಒಪ್ಪಿಸುವ ಧೈರ್ಯ ಕೆಮೆನಿಯವರಿಗಿತ್ತು. ಬೇಸಿಕ್‌ನ ಮೊದಲ ಕಂಪೈಲರನ್ನು, ಅಂದರೆ ಆ ಭಾಷೆಯನ್ನು ಯಂತ್ರದ ಸಂಕೇತಗಳಿಗೆ ಪರಿವರ್ತಿಸುವ ತಂತ್ರಾಂಶವನ್ನು, ಕೆಮೆನಿಯವರೇ ಬರೆಯಲು ಕುಳಿತರು.

1964ರ ಮೇ 1ರ ನಸುಕಿನ ನಾಲ್ಕು ಗಂಟೆಗೆ ಎರಡು ಟೆಲಿಟೈಪ್‌ಗಳಿಂದ ಏಕಕಾಲಕ್ಕೆ 'ರನ್' ಎಂಬ ಆಜ್ಞೆ ಹೋಯಿತು. ಒಂದರ ಮುಂದೆ ಕೆಮೆನಿ, ಇನ್ನೊಂದರ ಮುಂದೆ ವಿದ್ಯಾರ್ಥಿ. ಎರಡೂ ಕಡೆ ಸರಿಯಾದ ಉತ್ತರ ಕಾಗದದ ಮೇಲೆ ಅಚ್ಚಾಗಿ ಬಂತು. ಬೇಸಿಕ್ ಜನಿಸಿದ್ದು ಹೀಗೆ.

ಹತ್ತು, ಇಪ್ಪತ್ತು, ಮೂವತ್ತು

ಮೊದಲ ಬೇಸಿಕ್‌ನಲ್ಲಿ ಇದ್ದುದು ಹದಿನೈದಕ್ಕೂ ಮೀರದ ಆಜ್ಞಾಪದಗಳು. ಲೆಟ್, ಪ್ರಿಂಟ್, ಇಫ್, ಗೋಟು, ಫಾರ್, ನೆಕ್ಸ್ಟ್ ಹೀಗೆ ಎಲ್ಲವೂ ದಿನಬಳಕೆಯ ಇಂಗ್ಲಿಷ್ ಮಾತುಗಳು. ಪ್ರತಿ ಸಾಲಿಗೂ ಒಂದು ಸಂಖ್ಯೆ. ಯಂತ್ರ ಆ ಸಂಖ್ಯೆಗಳ ಕ್ರಮದಲ್ಲಿ ಸಾಲುಗಳನ್ನು ಪಾಲಿಸುತ್ತದೆ. ಸಂಖ್ಯೆಗಳನ್ನು 10, 20, 30 ಎಂದು ಹತ್ತರ ಅಂತರದಲ್ಲಿ ಕೊಡುವ ರೂಢಿಗೂ ಕಾರಣವಿತ್ತು. ನಡುವೆ ಏನಾದರೂ ಮರೆತಿದ್ದರೆ 15 ಎಂದು ಬರೆದು ಹೊಸ ಸಾಲನ್ನು ತೂರಿಸಬಹುದು. ತಪ್ಪಿದ ಸಾಲನ್ನು ಅದೇ ಸಂಖ್ಯೆಯೊಂದಿಗೆ ಮತ್ತೆ ಬರೆದರೆ ಹಳೆಯದು ಅಳಿದು ಹೊಸದು ಕೂರುತ್ತದೆ. ಪರದೆಯೇ ಇಲ್ಲದ, ಕಾಗದದ ಸುರುಳಿಯ ಮೇಲೆ ಅಚ್ಚೊತ್ತುವ ಟೆಲಿಟೈಪ್‌ಗಳ ಕಾಲಕ್ಕೆ ಇದಕ್ಕಿಂತ ಸುಲಭದ ತಿದ್ದುಪಡಿ ಇರಲಿಲ್ಲ.

ಭಾಷೆಗಿಂತಲೂ ದೊಡ್ಡ ಕೊಡುಗೆ ಅದರ ಸುತ್ತ ಕಟ್ಟಿದ ವಾತಾವರಣ. ಹಲೋ ಎಂದು ಟೈಪ್ ಮಾಡಿದರೆ ಗಣಕ ಒಳಗೆ ಬರಮಾಡಿಕೊಳ್ಳುತ್ತಿತ್ತು. ಹೊಸ ಪ್ರೋಗ್ರಾಂ ಆರಂಭಿಸಲು ನ್ಯೂ, ಹಳೆಯದನ್ನು ತೆರೆಯಲು ಓಲ್ಡ್, ಉಳಿಸಲು ಸೇವ್, ನೋಡಲು ಲಿಸ್ಟ್, ನಡೆಸಲು ರನ್. ಹೊರಡುವಾಗ ಗುಡ್‌ಬೈ. ಬರೆಯುವುದು, ತಿದ್ದುವುದು, ನಡೆಸಿ ನೋಡುವುದು ಎಲ್ಲವೂ ಒಂದೇ ಜಾಗದಲ್ಲಿ. ತಪ್ಪಾದರೆ ಗಣಕ ಗದರುವುದಿಲ್ಲ, ಯಾವ ಸಾಲಿನಲ್ಲಿ ತಪ್ಪು ಎಂದು ಕ್ಷಣದಲ್ಲಿ ತಿಳಿಸುತ್ತದೆ. ಇಂಗ್ಲಿಷ್ ಬಾರದೆ ಪರದೇಶದ ತರಗತಿಯಲ್ಲಿ ಕುಳಿತಿದ್ದ ಬಾಲಕ, ಗಣಕದ ಭಾಷೆ ಬಾರದವರಿಗಾಗಿ ಕಟ್ಟಿದ ತರಗತಿ ಇದು ಎನ್ನಬಹುದು.

ಕೆಲವೇ ವರ್ಷಗಳಲ್ಲಿ ಡಾರ್ಟ್‌ಮತ್‌ನ ಬಹುಪಾಲು ವಿದ್ಯಾರ್ಥಿಗಳು ಪ್ರೋಗ್ರಾಂ ಬರೆಯಲು ಕಲಿತರು. ಟೆಲಿಫೋನ್ ತಂತಿಗಳ ಮೂಲಕ ಸುತ್ತಲಿನ ಹೈಸ್ಕೂಲುಗಳೂ, ಇತರ ಕಾಲೇಜುಗಳೂ ಅದೇ ಗಣಕಕ್ಕೆ ಜೋಡಣೆಗೊಂಡವು. ಲಾಸ್ ಅಲಾಮೋಸ್‌ನಲ್ಲಿ ತಮ್ಮ ತಂಡ ಇಡೀ ವರ್ಷ ಬೆವರು ಸುರಿಸಿ ಮಾಡಿದಷ್ಟು ಲೆಕ್ಕವನ್ನು ಪದವಿ ವಿದ್ಯಾರ್ಥಿಯೊಬ್ಬ ಒಂದು ಮಧ್ಯಾಹ್ನದಲ್ಲಿ ಮುಗಿಸಬಲ್ಲ, ಅದೂ ನೂರು ಮಂದಿಯೊಂದಿಗೆ ಯಂತ್ರವನ್ನು ಹಂಚಿಕೊಂಡು ಎಂದು ಕೆಮೆನಿ ಹೋಲಿಸುತ್ತಿದ್ದರು. ಬಾಂಬಿಗಾಗಿ ಬಳಕೆಯಾದ ಗಣನಶಕ್ತಿ ಪಾಠಶಾಲೆಗೆ ಇಳಿದು ಬಂದಿತ್ತು.

ಇಬ್ಬರೂ ಬೇಸಿಕ್‌ಗೆ ಪೇಟೆಂಟ್ ಪಡೆಯಲಿಲ್ಲ. ಯಾರು ಬೇಕಾದರೂ ಬಳಸಲಿ, ತಮ್ಮ ಯಂತ್ರಕ್ಕೆ ಹೊಂದಿಸಿಕೊಳ್ಳಲಿ ಎಂದು ಬಿಟ್ಟುಕೊಟ್ಟರು. ಕನ್ನಡ ನಾಡಿನ ಮಕ್ಕಳವರೆಗೂ ಅದು ತಲುಪಲು ಕಾರಣವಾದುದು ಈ ನಿರ್ಧಾರ.

ಮನೆಮನೆಗೆ ಬೇಸಿಕ್

1968ರ ಸುಮಾರಿಗೆ ಸಿಯಾಟಲ್‌ನ ಶಾಲೆಯೊಂದರ ಟೆಲಿಟೈಪ್ ಮುಂದೆ ಕುಳಿತು ಬೇಸಿಕ್ ಕಲಿತ ಹುಡುಗರಲ್ಲಿ ಬಿಲ್ ಗೇಟ್ಸ್ ಮತ್ತು ಪಾಲ್ ಅಲೆನ್ ಇದ್ದರು. 1975ರಲ್ಲಿ ಆಲ್ಟೇರ್ ಎಂಬ ಪುಟ್ಟ ಕಂಪ್ಯೂಟರ್ ಮಾರುಕಟ್ಟೆಗೆ ಬಂದಾಗ ಅದಕ್ಕೆ ಇವರಿಬ್ಬರೂ ಮಾಂಟೆ ಡೇವಿಡಾಫ್ ಜೊತೆಗೂಡಿ ಬೇಸಿಕ್ ಬರೆದುಕೊಟ್ಟರು. ನಾಲ್ಕು ಕಿಲೋಬೈಟ್ ಸ್ಮೃತಿಯೊಳಗೆ ಕೂರುವಂತೆ ಬಿಗಿದು ಕಟ್ಟಿದ ಆ ತಂತ್ರಾಂಶ ಮೈಕ್ರೋಸಾಫ್ಟ್ ಕಂಪನಿಯ ಮೊದಲ ಸರಕು. 1977ರಲ್ಲಿ ಬಂದ ಆ್ಯಪಲ್-2, ಕಮೊಡೋರ್ ಪೆಟ್, ಟಿಆರ್‌ಎಸ್-80 ಮೂರರಲ್ಲೂ ಬೇಸಿಕ್ ಇತ್ತು. 1981ರ ಐಬಿಎಂ ಪಿಸಿಯ ಒಳಗೂ ಅದು ಅಚ್ಚೊತ್ತಿ ಬಂತು. ಅಂದಿನ ಅನೇಕ ಮನೆಗಣಕಗಳಲ್ಲಿ ವಿದ್ಯುತ್ ಗುಂಡಿ ಒತ್ತಿದೊಡನೆ ಎದುರಾಗುತ್ತಿದ್ದುದೇ ಬೇಸಿಕ್. ಗಣಕ ಕೊಳ್ಳುವುದೆಂದರೆ ಪ್ರೋಗ್ರಾಂ ಬರೆಯಲು ಕಲಿಯುವುದು ಎಂಬ ಕಾಲ ಅದು.

ಭಾರತದಲ್ಲಿ 1984-85ರಲ್ಲಿ ಕೇಂದ್ರ ಸರ್ಕಾರ ಕ್ಲಾಸ್ ಎಂಬ ಶಾಲಾ ಕಂಪ್ಯೂಟರ್ ಶಿಕ್ಷಣ ಯೋಜನೆ ಆರಂಭಿಸಿತು. ಮೊದಲಿಗೆ ಸುಮಾರು 250 ಶಾಲೆಗಳಿಗೆ ಬ್ರಿಟನ್‌ನ ಬಿಬಿಸಿ ಮೈಕ್ರೋ ಗಣಕಗಳು ಬಂದವು. ಅವುಗಳ ಭಾಷೆಯೂ ಬೇಸಿಕ್ಕೇ. ಬಳಿಕ ಪಿಸಿಗಳ ಜೊತೆ ಜಿಡಬ್ಲ್ಯೂ-ಬೇಸಿಕ್, 1991ರಿಂದ ಕ್ಯೂಬೇಸಿಕ್ ದೇಶದ ಶಾಲಾ ಪಠ್ಯಗಳನ್ನು ಸೇರಿದವು. ಕರಾವಳಿಯ ಶಾಲೆಗಳು, ತರಬೇತಿ ಕೇಂದ್ರಗಳಲ್ಲಿ ಮೊದಲ ಪಾಠ ಕಲಿತು ಮುಂದೆ ಬೆಂಗಳೂರಿಗೂ ಹೊರದೇಶಗಳಿಗೂ ತಂತ್ರಾಂಶ ಕೆಲಸಕ್ಕೆ ಹೋದವರಲ್ಲಿ ಬಹಳ ಮಂದಿ ಓನಾಮ ಬರೆದುದು ಇದರಲ್ಲೇ.

ಆದರೆ ಆ ಆಜ್ಞಾಪದಗಳು ಇಂಗ್ಲಿಷಿನವು ಎಂಬ ಕೊರತೆ ಕನ್ನಡ ಮಾಧ್ಯಮದ ಮಕ್ಕಳಿಗೆ ಉಳಿದೇ ಇತ್ತು. ಯಂತ್ರ ಮನುಷ್ಯನ ಕಡೆಗೆ ಬಾಗಬೇಕು ಎಂಬ ತತ್ತ್ವ ಕನ್ನಡದಲ್ಲಿ ಫಲಿಸಿದ್ದು ಬೇರೊಂದು ದಾರಿಯಲ್ಲಿ. ಮಂಗಳೂರು ಬಳಿಯ ಕಿನ್ನಿಕಂಬಳ ಮೂಲದ ಕೆ.ಪಿ. ರಾವ್ ಅವರು ಕನ್ನಡದ ಉಚ್ಚಾರಣೆಗೆ ಹೊಂದುವ ಸರಳ ಕೀಲಿಮಣೆ ವಿನ್ಯಾಸವನ್ನು ರೂಪಿಸಿದರು. ಮುಂದೆ ರಾಜ್ಯ ಸರ್ಕಾರ ಅಂಗೀಕರಿಸಿದ ಶಿಷ್ಟ ಕೀಲಿಮಣೆಗೆ ಅದೇ ಆಧಾರವಾಯಿತು. ವ್ಯಂಜನಕ್ಕೊಂದು ಕೀಲಿ, ಸ್ವರಕ್ಕೊಂದು ಕೀಲಿ. ಉಳಿದ ಕಾಗುಣಿತ, ಒತ್ತಕ್ಷರಗಳ ಜೋಡಣೆಯ ತಾಪತ್ರಯವೆಲ್ಲ ಯಂತ್ರದ್ದು.

ಅಧ್ಯಕ್ಷ ಪದವಿ

1970ರಲ್ಲಿ ಕೆಮೆನಿ ಡಾರ್ಟ್‌ಮತ್ ಕಾಲೇಜಿನ 13ನೇ ಅಧ್ಯಕ್ಷರಾದರು. ಅಧಿಕಾರ ವಹಿಸಿಕೊಂಡ ಎರಡು ತಿಂಗಳಲ್ಲೇ ಪರೀಕ್ಷೆ ಎದುರಾಯಿತು. ಅಮೆರಿಕದ ಸೇನೆ ಕಾಂಬೋಡಿಯಾ ಪ್ರವೇಶಿಸಿದ್ದನ್ನು ಪ್ರತಿಭಟಿಸಿದ ವಿದ್ಯಾರ್ಥಿಗಳ ಮೇಲೆ ಓಹಿಯೋದ ಕೆಂಟ್ ವಿಶ್ವವಿದ್ಯಾಲಯದಲ್ಲಿ ಗುಂಡು ಹಾರಿ ನಾಲ್ವರು ಸತ್ತರು. ದೇಶದ ಕ್ಯಾಂಪಸ್‌ಗಳೆಲ್ಲ ಹೊತ್ತಿ ಉರಿಯುತ್ತಿದ್ದಾಗ ಕೆಮೆನಿ ಒಂದು ವಾರ ತರಗತಿಗಳನ್ನು ನಿಲ್ಲಿಸಿ, ಇಡೀ ಕಾಲೇಜು ಕೂಡಿ ಚರ್ಚಿಸಲು ಅವಕಾಶ ಕೊಟ್ಟರು. ಡಾರ್ಟ್‌ಮತ್ ಹಿಂಸೆಯಿಂದ ಪಾರಾಯಿತು.

1769ರಲ್ಲಿ ಸ್ಥಾಪನೆಯಾದ ಆ ಕಾಲೇಜು ಎರಡು ಶತಮಾನ ಕಾಲ ಗಂಡುಮಕ್ಕಳಿಗಷ್ಟೇ ಮೀಸಲಾಗಿತ್ತು. ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರ ವಿರೋಧದ ನಡುವೆಯೂ 1972ರಲ್ಲಿ ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯಿತು. ಇನ್ನೊಂದು ಸಂಗತಿ ಇದಕ್ಕಿಂತ ಹಳೆಯದು. ಅಮೆರಿಕದ ಮೂಲನಿವಾಸಿ ಬುಡಕಟ್ಟುಗಳ ಮಕ್ಕಳಿಗೆ ವಿದ್ಯೆ ನೀಡುವುದು ಕಾಲೇಜಿನ ಸ್ಥಾಪನಾ ಸನ್ನದಿನಲ್ಲೇ ಬರೆದಿದ್ದ ಉದ್ದೇಶ. ಇನ್ನೂರು ವರ್ಷಗಳಲ್ಲಿ ಪದವಿ ಪಡೆದ ಅಂಥವರು ಬೆರಳೆಣಿಕೆಯಷ್ಟು. ಮರೆತ ಆ ಮಾತನ್ನು ಉಳಿಸಿಕೊಳ್ಳುವುದಾಗಿ ಕೆಮೆನಿ ಘೋಷಿಸಿ, ಅವರಿಗಾಗಿ ವಿಶೇಷ ಕಾರ್ಯಕ್ರಮ ಆರಂಭಿಸಿದರು. ಗಣಕದ ಕೋಣೆಯ ಬಾಗಿಲು ತೆಗೆದವರು ಕಾಲೇಜಿನ ಬಾಗಿಲನ್ನೂ ಅಗಲಗೊಳಿಸಿದರು. ಅಧ್ಯಕ್ಷರಾಗಿದ್ದಾಗಲೂ ಪಾಠ ಹೇಳುವುದನ್ನು ಅವರು ಬಿಡಲಿಲ್ಲ.

ಆರಿದ ದೀಪ ಹೇಳಿದ ಸುಳ್ಳು

1979ರ ಮಾರ್ಚ್ 28. ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲೆಂಡ್ ಅಣುವಿದ್ಯುತ್ ಸ್ಥಾವರದ ಎರಡನೇ ಘಟಕದಲ್ಲಿ ಅವಘಡ ಆರಂಭವಾಯಿತು. ಆಗಲೂ ಸಮಯ ನಸುಕಿನ ನಾಲ್ಕು. ಪಂಪುಗಳು ನಿಂತವು. ಒತ್ತಡ ಇಳಿಸಲು ತೆರೆದುಕೊಂಡ ಕವಾಟವೊಂದು ಮತ್ತೆ ಮುಚ್ಚದೆ ಸಿಕ್ಕಿಕೊಂಡಿತು. ತಂಪುಕಾರಕ ನೀರು ಗಂಟೆಗಟ್ಟಲೆ ಹೊರಹರಿಯಿತು. ನಿಯಂತ್ರಣ ಕೊಠಡಿಯ ದೀಪ ಮಾತ್ರ ಕವಾಟ ಮುಚ್ಚಿದೆ ಎಂಬಂತೆ ತೋರಿಸುತ್ತಿತ್ತು. ಕಾರಣವಿಷ್ಟೇ: ಕವಾಟಕ್ಕೆ ಮುಚ್ಚು ಎಂಬ ಆಜ್ಞೆ ಹೋಗಿದೆ ಎಂಬುದನ್ನಷ್ಟೇ ದೀಪ ಸೂಚಿಸುತ್ತಿತ್ತು, ಅದು ನಿಜಕ್ಕೂ ಮುಚ್ಚಿದೆಯೇ ಎಂಬುದನ್ನಲ್ಲ. ನೂರಕ್ಕೂ ಹೆಚ್ಚು ಎಚ್ಚರಿಕೆ ಗಂಟೆಗಳು ಒಟ್ಟಿಗೆ ಮೊಳಗಿದವು. ವಿವರ ಅಚ್ಚೊತ್ತಬೇಕಿದ್ದ ಗಣಕದ ಪ್ರಿಂಟರ್ ಗಂಟೆಗೂ ಹೆಚ್ಚು ಹಿಂದೆ ಬಿತ್ತು. ನೀರು ಹೆಚ್ಚಾಗಿದೆಯೆಂದು ತಪ್ಪು ತಿಳಿದ ಸಿಬ್ಬಂದಿ ತುರ್ತು ನೀರಿನ ಹರಿವನ್ನೇ ತಗ್ಗಿಸಿದರು. ಸ್ಥಾವರದ ಗರ್ಭದ ಒಂದು ಭಾಗ ಕರಗಿತು.

ಅಧ್ಯಕ್ಷ ಜಿಮ್ಮಿ ಕಾರ್ಟರ್ 12 ಸದಸ್ಯರ ತನಿಖಾ ಆಯೋಗ ರಚಿಸಿ ಕೆಮೆನಿಯವರನ್ನು ಮುಖ್ಯಸ್ಥರನ್ನಾಗಿಸಿದರು. ಸ್ಥಾವರದ ಸಮೀಪದಲ್ಲಿ ವಾಸವಿದ್ದ ಗೃಹಿಣಿಯೊಬ್ಬರೂ ಅದರ ಸದಸ್ಯರಾಗಿದ್ದರು. ಅದೇ ಅಕ್ಟೋಬರ್ ಕೊನೆಯಲ್ಲಿ ವರದಿ ಸಲ್ಲಿಕೆಯಾಯಿತು. ಉಪಕರಣಗಳ ದೋಷಕ್ಕಿಂತ ಮನುಷ್ಯರಿಗೆ ಸಂಬಂಧಿಸಿದ ದೋಷಗಳೇ ಮೂಲ ಕಾರಣ ಎಂಬುದು ಅದರ ಮುಖ್ಯ ನಿರ್ಣಯ. ಹಾಗೆಂದು ಕೆಲಸದಲ್ಲಿದ್ದ ನಾಲ್ಕಾರು ಸಿಬ್ಬಂದಿಯ ತಲೆಗೆ ತಪ್ಪನ್ನು ಕಟ್ಟಿ ಆಯೋಗ ಕೈತೊಳೆದುಕೊಳ್ಳಲಿಲ್ಲ. ತರಬೇತಿಯ ಕೊರತೆ, ಗೊಂದಲದ ಸೂಚನಾಪುಸ್ತಕಗಳು, ಓದಲಾಗದ ನಿಯಂತ್ರಣ ಫಲಕ, ಹಿಂದಿನ ಅಪಘಾತಗಳಿಂದ ಪಾಠ ಕಲಿಯದ ಕಂಪನಿಗಳು, ಸುರಕ್ಷತೆ ಸಾಕಷ್ಟಿದೆ ಎಂದು ಮೈಮರೆತ ನಿಯಂತ್ರಣ ಸಂಸ್ಥೆ ಎಲ್ಲವನ್ನೂ ಅದು ಕಟುವಾಗಿ ಟೀಕಿಸಿತು. ಅಣುವಿದ್ಯುತ್ ಬೇಕೇ ಬೇಡವೇ ಎಂಬ ತೀರ್ಪನ್ನು ಮಾತ್ರ ಕೊಡಲಿಲ್ಲ.

ಬೇಸಿಕ್‌ಗೂ ಈ ವರದಿಗೂ ಸಂಬಂಧವಿಲ್ಲವೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಎರಡರಲ್ಲೂ ಕೇಳಿದ ಪ್ರಶ್ನೆ ಒಂದೇ. ಯಂತ್ರ ತನ್ನ ಮುಂದಿರುವ ಮನುಷ್ಯನಿಗೆ ನಿಜವನ್ನು, ತಿಳಿಯುವ ಮಾತಿನಲ್ಲಿ ಹೇಳುತ್ತಿದೆಯೇ? ಕೋಣೆಯಲ್ಲಿ ಕುಳಿತ ಮಗುವಿಗೆ ತಪ್ಪಿದ ಸಾಲಿನ ಸಂಖ್ಯೆಯನ್ನು ಬೇಸಿಕ್ ಹೇಳುತ್ತಿತ್ತು. ಕೋಟ್ಯಂತರ ಡಾಲರಿನ ಸ್ಥಾವರ ತನ್ನ ಸಿಬ್ಬಂದಿಗೆ ತೆರೆದ ಕವಾಟವೊಂದನ್ನು ಹೇಳಲಾರದೆ ಹೋಯಿತು.

ಕರಾವಳಿಯ ಓದುಗರಿಗೆ ಈ ಪ್ರಶ್ನೆ ದೂರದ್ದಲ್ಲ. 1980ರ ದಶಕದಲ್ಲಿ ಉತ್ತರ ಕನ್ನಡದ ಕೈಗಾದಲ್ಲಿ ಅಣುಸ್ಥಾವರ ಸ್ಥಾಪನೆಯ ನಿರ್ಧಾರ ಹೊರಬಿದ್ದಾಗ ಪುತ್ತೂರಿನ ಡಾ. ಶಿವರಾಮ ಕಾರಂತರು ಇಳಿವಯಸ್ಸಿನಲ್ಲೂ ಅದರ ವಿರುದ್ಧ ಊರೂರು ಸುತ್ತಿದರು. 1989ರಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೆ ಸ್ಪರ್ಧಿಸಿ ಸೋತರು. 1994ರಲ್ಲಿ ನಿರ್ಮಾಣದ ಹಂತದಲ್ಲಿದ್ದ ಒಂದು ಘಟಕದ ಗುಮ್ಮಟದ ಕಾಂಕ್ರೀಟ್ ಕುಸಿಯಿತು. 2000ನೇ ಇಸವಿಯಲ್ಲಿ ಕೈಗಾದ ಮೊದಲೆರಡು ಘಟಕಗಳು ವಿದ್ಯುತ್ ಉತ್ಪಾದನೆಗೆ ಇಳಿದವು. ಸ್ಥಾವರ ಬೇಡವೆಂದವರೂ ಬೇಕೆಂದವರೂ ಒಪ್ಪಲೇಬೇಕಾದ ಪಾಠ ಕೆಮೆನಿ ಆಯೋಗದ ವರದಿಯಲ್ಲಿತ್ತು: ಸುರಕ್ಷತೆ ಎಂಬುದು ಕಾಂಕ್ರೀಟಿನ ದಪ್ಪದಲ್ಲಷ್ಟೇ ಇರುವುದಿಲ್ಲ.

ತಾವು ಕೊಟ್ಟದ್ದೇ ತಮಗೆದುರಾಗಿ

1981ರಲ್ಲಿ ಅಧ್ಯಕ್ಷ ಪದವಿಯಿಂದ ಕೆಳಗಿಳಿದ ಕೆಮೆನಿ ಪೂರ್ಣಾವಧಿ ಬೋಧನೆಗೆ ಮರಳಿದರು. ಆಗ ಸುತ್ತ ನೋಡಿದರೆ ಬೇಸಿಕ್ ಲೋಕವ್ಯಾಪಿಯಾಗಿತ್ತು, ಆದರೆ ಗುರುತು ಹಿಡಿಯಲಾಗದಷ್ಟು ಬದಲಾಗಿತ್ತು. ಪುಟ್ಟ ಯಂತ್ರಗಳ ಅಲ್ಪ ಸ್ಮೃತಿಗೆ ತುರುಕಲು ಒಂದೊಂದು ಕಂಪನಿಯೂ ಭಾಷೆಯ ಕೈಕಾಲು ಕತ್ತರಿಸಿತ್ತು. ಒಂದು ಯಂತ್ರಕ್ಕೆ ಬರೆದ ಪ್ರೋಗ್ರಾಂ ಇನ್ನೊಂದರಲ್ಲಿ ನಡೆಯದು. ಗೋಟು ಎಂಬ ಆಜ್ಞೆಯ ಅತಿಬಳಕೆಯಿಂದ ಪ್ರೋಗ್ರಾಂಗಳು ಸಿಕ್ಕುಸಿಕ್ಕಾದ ನೂಲಿನ ಉಂಡೆಗಳಾಗಿದ್ದವು. ಬೇಸಿಕ್ ಕಲಿತವರ ಬುದ್ಧಿ ಕೆಡುತ್ತದೆ ಎಂಬರ್ಥದ ಕಟುಟೀಕೆ ನೆದರ್‌ಲೆಂಡ್ಸ್‌ನ ಗಣಕವಿಜ್ಞಾನಿ ಡೈಕ್‌ಸ್ಟ್ರ ಅವರಿಂದ 1975ರಲ್ಲೇ ಬಂದಿತ್ತು.

ಡಾರ್ಟ್‌ಮತ್‌ನಲ್ಲಿ ಭಾಷೆ ಬೆಳೆದಿದ್ದ ರೀತಿಯೇ ಬೇರೆ. 1970ರ ದಶಕದಲ್ಲೇ ಅಲ್ಲಿ ಸುವ್ಯವಸ್ಥಿತ ರಚನೆಯ ಬೇಸಿಕ್ ಬಳಕೆಗೆ ಬಂದಿತ್ತು. ನಿಜವಾದ ಬೇಸಿಕ್ ಇದು ಎಂದು ತೋರಿಸಲು ಕೆಮೆನಿ ಮತ್ತು ಕರ್ಟ್ಜ್ 1983ರಲ್ಲಿ ಟ್ರೂ ಬೇಸಿಕ್ ಎಂಬ ಕಂಪನಿ ಕಟ್ಟಿದರು. ಸಾಲುಸಂಖ್ಯೆಗಳ ಕಡ್ಡಾಯವಿಲ್ಲ, ಗೋಟು ಅಗತ್ಯವಿಲ್ಲ, ಐಬಿಎಂ ಪಿಸಿ ಇರಲಿ ಮ್ಯಾಕಿಂಟಾಷ್ ಇರಲಿ ಒಂದೇ ಪ್ರೋಗ್ರಾಂ ಎಲ್ಲೆಡೆ ನಡೆಯುತ್ತದೆ. ಗುಣದಲ್ಲಿ ಕೊರತೆಯಿರಲಿಲ್ಲ. ಆದರೆ ಕೊಂಡ ಯಂತ್ರದೊಂದಿಗೆ ಪುಕ್ಕಟೆಯಾಗಿ ಒಂದು ಬೇಸಿಕ್ ಬರುತ್ತಿರುವಾಗ ಇನ್ನೊಂದಕ್ಕೆ ಹಣ ತೆರುವವರು ಕಡಿಮೆ. ಹಿಂದೆ ಅವರು ಕೈಬಿಚ್ಚಿ ಕೊಟ್ಟದ್ದೇ ಈಗ ಮಾರುಕಟ್ಟೆಯಲ್ಲಿ ಅವರೆದುರು ನಿಂತಿತ್ತು. ಶಾಲಾ ಕಾಲೇಜುಗಳಲ್ಲಿ ಟ್ರೂ ಬೇಸಿಕ್ ಬಳಕೆಯಾಯಿತಾದರೂ ಮೂಲ ಬೇಸಿಕ್‌ನಂತೆ ಹಬ್ಬಲಿಲ್ಲ.

ಕೆಮೆನಿ 1990ರವರೆಗೆ ಪಾಠ ಮಾಡಿದರು. 1992ರ ಡಿಸೆಂಬರ್ 26ರಂದು ಹೃದಯವೈಫಲ್ಯದಿಂದ ನಿಧನರಾದಾಗ ಅವರಿಗೆ 66 ವರ್ಷ. ಪತ್ನಿ ಜೀನ್, ಮಗಳು ಮತ್ತು ಮಗನನ್ನು ಅವರು ಅಗಲಿದರು. ಜೊತೆಗಾರ ಕರ್ಟ್ಜ್ 2024ರ ನವೆಂಬರ್‌ನಲ್ಲಿ, 96ರ ಹರೆಯದಲ್ಲಿ ತೀರಿಕೊಂಡರು.

ಇಂದು ಮಂಗಳೂರಿನಲ್ಲಿ ಚಪ್ಪಲಿ ಕಳಚಿ ಗಣಕದ ಕೋಣೆಗೆ ಹೋಗಬೇಕಾಗಿಲ್ಲ. ಅಂದಿನ ಗಣಕಗಳಿಗಿಂತ ಸಾವಿರಾರು ಪಟ್ಟು ಬಲಿಷ್ಠವಾದ ಯಂತ್ರ ಬಸ್ಸಿನಲ್ಲಿ ನಿಂತ ಪ್ರಯಾಣಿಕನ ಅಂಗೈಯಲ್ಲಿದೆ. ಆದರೆ ಗುಂಡಿ ಒತ್ತಿದೊಡನೆ ನಿನ್ನ ಆಜ್ಞೆಯೇನು ಎಂದು ಕೇಳುವ ಆ ಕಪ್ಪು ಪರದೆ ಮರೆಯಾಗಿದೆ. ಯಂತ್ರ ಎಲ್ಲರ ಕೈ ಸೇರಬೇಕೆಂಬ ಕೆಮೆನಿಯವರ ಅರ್ಧ ಕನಸು ನನಸಾಗಿದೆ. ಅದು ಎಲ್ಲರಿಗೂ ಅರ್ಥವಾಗಬೇಕೆಂಬ ಇನ್ನರ್ಧ ಶಾಲೆಗಳ, ಮೇಷ್ಟ್ರುಗಳ ಪಾಲಿಗೆ ಉಳಿದಿದೆ.

2019ರಲ್ಲಿ ನ್ಯೂಹ್ಯಾಂಪ್‌ಶೈರ್ ಸರ್ಕಾರ ಹ್ಯಾನೋವರ್ ಬಳಿಯ ಹೆದ್ದಾರಿ ಬದಿಯಲ್ಲಿ ಬೇಸಿಕ್ ಹುಟ್ಟಿದ ನೆನಪಿಗಾಗಿ ಫಲಕವೊಂದನ್ನು ನೆಟ್ಟಿತು. ಯುದ್ಧಗಳು, ಕೋಟೆಗಳು, ನಾಯಕರ ನೆನಪಿಗೆ ನಿಲ್ಲಿಸುವ ಫಲಕಗಳ ಸಾಲಿನಲ್ಲಿ, ಮಕ್ಕಳಿಗೆ ಸುಲಭವಾಗಲೆಂದು ರಚಿಸಿದ ಒಂದು ಭಾಷೆಗೂ ಜಾಗ ಸಿಕ್ಕಿದೆ.